ಊರ ದಾರಿಗೆ ಊರವರ ಮತ

ಸೂಳೆಕೆರೆಯ ಏರಿಯ ಮೇಲೆ ನಿಂತವರಿಗೆ, ಎರಡು ಗುಡ್ಡಗಳ ನಡುವೆ ತಡೆದು ನಿಲ್ಲಿಸಿದ ಆ ನೀರಿನ ವಿಸ್ತಾರವೇ ಮೊದಲು ಕಣ್ತುಂಬುವದು. ಕೆರೆಯ ಹೆಸರಿನ ಕಥೆಯು ಆಮೇಲೆ ನೆನಪಿಗೆ ಬರುವದು. ಚನ್ನಗಿರಿ ಸೀಮೆಯ ಹಿರಿಯರು ಹೇಳಿಕೊಂಡು ಬಂದಿರುವ ಆ ಕಥೆಯು ನಮ್ಮ ಓದುಗರಲ್ಲಿ ಅನೇಕರಿಗೆ ಗೊತ್ತಿದ್ದೀತು. ಸ್ವರ್ಗಾವತಿಯೆಂಬ ಪಟ್ಟಣದ ಅರಸುಮಗಳಾದ ಶಾಂತವ್ವೆಯು ಕೆರೆಯನ್ನು ಕಟ್ಟಿಸಬೇಕೆಂದು ಸಂಕಲ್ಪ ಮಾಡಿದಳಂತೆ. ಕೆರೆಗೆ ತಕ್ಕ ನೆಲವು ಸೂಳೆಯರ ಕೈಯಲ್ಲಿದ್ದಿತು. ಅರಸುಮಗಳು ಆ ನೆಲವನ್ನು ಕಿತ್ತುಕೊಳ್ಳಲಿಲ್ಲ, ಕೇಳಿದಳು. ಅವರೂ ಸುಮ್ಮನೆ ಕೊಡಲಿಲ್ಲ. ಕೆರೆಗೆ ತಮ್ಮ ಹೆಸರೇ ನಿಲ್ಲತಕ್ಕದ್ದೆಂದು ಕರಾರು ಹಾಕಿದರು. ಅವಳು ಒಪ್ಪಿದಳು, ಕೆರೆಯಾಯಿತು, ಹೆಸರು ನಿಂತಿತು.

ಈ ಕಥೆಯನ್ನು ಇತಿಹಾಸವೆಂದು ಸಾಧಿಸಲು ನಾವು ಹೊರಟಿಲ್ಲ. ಆದರೆ ನೂರಾರು ವರ್ಷಗಳಿಂದ ಈ ಭಾಗದ ಜನರು ಇದನ್ನು ಹೇಳಿಕೊಂಡು ಬಂದಿರುವದರಲ್ಲಿ ಅವರ ನ್ಯಾಯಬುದ್ಧಿಯು ಕಾಣುತ್ತದೆ: ಊರಿಗೆ ಹಿತವಾದ ಕೆಲಸವೇ ಆದರೂ, ಅದಕ್ಕಾಗಿ ಕಳೆದುಕೊಳ್ಳುವವರನ್ನು ಮೊದಲು ಕೇಳಬೇಕು, ಕೇಳಿದ ಮೇಲೆ ಅವರ ಮಾತನ್ನು ನಡೆಸಬೇಕು. (ಈಚೆಗೆ ಸಭ್ಯರು ಇದನ್ನು ಶಾಂತಿಸಾಗರವೆಂದು ಕರೆಯುವ ರೂಢಿ ಹಾಕಿದ್ದಾರೆ. ನ್ಯಾಯವಾದಿಯ ಕಣ್ಣಿಗೆ ಇದು ಶುದ್ಧ ಕರಾರುಭಂಗವಾಗಿ ತೋರುತ್ತದೆ. ನೆಲಕ್ಕೆ ಕೊಟ್ಟ ಪ್ರತಿಫಲವೇ ಆ ಹೆಸರಷ್ಟೆ! ಹಳ್ಳಿಗರು ಇನ್ನೂ ಹಳೆಯ ಹೆಸರನ್ನೇ ಹಿಡಿದಿರುವದು ನಮಗೆ ಸಂತೋಷ.)

ಆ ಕೆರೆಯ ಸುತ್ತುಮುತ್ತಿನ ಕೆರೆಬಿಳಚಿ, ಬಸವಾಪಟ್ಟಣ, ಸಂತೇಬೆನ್ನೂರು, ತ್ಯಾವಣಿಗೆ ಮುಂತಾದ ಊರುಗಳವರನ್ನು ಈಗ ನಾವು ಒಂದು ಮಾತು ಕೇಳಬಯಸುತ್ತೇವೆ. ನಿಮ್ಮ ಊರಿಗೆ ಯಾವ ದಾರಿಯು ಮೊದಲು ಆಗಬೇಕು, ಯಾವದು ಆಮೇಲೆ, ಅದು ಎಷ್ಟು ಅಗಲವಿರಬೇಕು, ಯಾರ ಅಡಿಕೆ ತೋಟದ ಅಂಚನ್ನು ಕಡಿದು ಹೋಗಬೇಕು ಎಂಬದನ್ನು ನಿಮ್ಮಲ್ಲಿ ಯಾರಾದರೂ ಎಂದಾದರೂ ಕೇಳಿದ್ದುಂಟೆ? ನಾವು ಕೇಳಿದ ಮಟ್ಟಿಗೆ ಉತ್ತರವು ಬಹುತೇಕ ಎಲ್ಲ ಕಡೆಯೂ ಒಂದೇ. ಜಲ್ಲಿಯ ಲಾರಿ ಬಂದು ನಿಂತಾಗಲೇ ದಾರಿಯಾಗುವ ಸುದ್ದಿಯು ಊರಿಗೆ ತಿಳಿಯುವದು. ಊರ ದಾರಿಗಳ ನಿರ್ಣಯವನ್ನು ಊರವರ ಮತಕ್ಕೆ ಬಿಡಬೇಕೆಂಬದು ನಮ್ಮ ಅಭಿಪ್ರಾಯ. ಆದರೆ ಯಾವದನ್ನು ಮತಕ್ಕೆ ಹಾಕಬೇಕು, ಯಾವದನ್ನು ಹಾಕಕೂಡದು, ಯಾರ ಮತವನ್ನು ಎಣಿಸಬೇಕು ಎಂಬದನ್ನು ತಿಳಿಯದೆ ಮಾಡಿದ ಮತದಾನವು ಈಗಿನ ಅನ್ಯಾಯಕ್ಕಿಂತ ದೊಡ್ಡ ಅನ್ಯಾಯಕ್ಕೆ ದಾರಿಯಾದೀತೆಂದೂ ನಾವು ಬಲ್ಲೆವು. ಆದುದರಿಂದ ಈ ವಿಷಯವನ್ನು ಸ್ವಲ್ಪ ಬಿಚ್ಚಿ ನೋಡಬೇಕಾಗಿದೆ.

ದಾರಿಯೆಂದರೆ ಬರಿಯ ಡಾಂಬರಲ್ಲ. ಊರಿನ ಮುಖವು ಯಾವ ಕಡೆಗೆ ತಿರುಗಬೇಕೆಂಬದನ್ನು ದಾರಿಯು ಗೊತ್ತುಮಾಡುತ್ತದೆ. ೧೯೯೭ರ ವರೆಗೆ ಚನ್ನಗಿರಿ ಹೊನ್ನಾಳಿಗಳು ಶಿವಮೊಗ್ಗೆ ಜಿಲ್ಲೆಗೆ ಸೇರಿದ್ದವು. ಜಗಳೂರು ಚಿತ್ರದುರ್ಗಕ್ಕೆ ಸೇರಿತ್ತು. ಕಚೇರಿಗೂ ಕೋರ್ಟಿಗೂ ದೊಡ್ಡ ಆಸ್ಪತ್ರೆಗೂ ಜನರು ಆಯಾ ದಿಕ್ಕಿಗೆ ನಡೆದರು. ಆ ವರ್ಷ ದಾವಣಗೆರೆ ಜಿಲ್ಲೆಯಾಯಿತು. ಒಂದೇ ಆಜ್ಞೆಯಿಂದ ಮೂರು ತಾಲೂಕುಗಳ ಮುಖವು ದಾವಣಗೆರೆಯತ್ತ ತಿರುಗಿತು. ಈಚೆಗೆ ಹೊನ್ನಾಳಿಯಿಂದ ನ್ಯಾಮತಿಯು ಬೇರೆ ತಾಲೂಕಾಗಿ, ಅದರ ಹಳ್ಳಿಗಳಿಗೆ ಮತ್ತೊಂದು ಕಚೇರಿಯ ಹಾದಿಯು ಬಿದ್ದಿತು. ಆಜ್ಞೆಯಿಂದ ಮುಖವನ್ನು ತಿರುಗಿಸಬಹುದು, ದಾರಿಯನ್ನು ತಿರುಗಿಸಲಿಕ್ಕೆ ದುಡ್ಡು ಬೇಕು, ಕಾಲ ಬೇಕು. ಆ ದುಡ್ಡು ಯಾವ ಊರಿಗೆ ಮೊದಲು ಹರಿಯಿತೆಂಬದು ಆಯಾ ಊರಿನ ಅಡಿಕೆ, ಬತ್ತ, ಮೆಕ್ಕೆಜೋಳಗಳ ಬೆಲೆಯಲ್ಲಿಯೂ, ಬಾಣಂತಿಯು ಆಸ್ಪತ್ರೆಯನ್ನು ಮುಟ್ಟಿದ ಹೊತ್ತಿನಲ್ಲಿಯೂ ಕಾಣಿಸಿಕೊಳ್ಳುತ್ತದೆ.

ಹರಿಹರದ ಬಳಿ ತುಂಗಭದ್ರೆಗೆ ೧೮೬೮ರಲ್ಲಿ ಸೇತುವೆಯಾದಾಗ ಮೈಸೂರು ಸೀಮೆಯ ಕನ್ನಡಿಗರಿಗೂ ಧಾರವಾಡ ಸೀಮೆಯ ಕನ್ನಡಿಗರಿಗೂ ನಡುವೆ ಗಟ್ಟಿ ನೆಲವು ದೊರೆಯಿತು. ಎರಡು ದಡಗಳಲ್ಲಿ ಎರಡು ಸರಕಾರಗಳಿದ್ದರೂ ಗಾಡಿಯ ಗಾಲಿಗಳು ಒಂದೇ ನಾಡಿನ ಮೇಲೆ ಉರುಳಿದವು. ೧೯೫೬ರ ನವೆಂಬರ ೧ರಂದು ನಾಡು ಒಂದಾಗುವದಕ್ಕಿಂತ ೮೮ ವರ್ಷ ಮೊದಲೇ ಒಂದು ಸೇತುವೆಯು ಅಷ್ಟು ಮಟ್ಟಿಗೆ ಏಕೀಕರಣವನ್ನು ಮಾಡಿತ್ತು. ದಾರಿಗೆ ಇರುವ ಬಲವು ಇಂಥದು. ಇಂಥ ಬಲವುಳ್ಳ ವಸ್ತುವಿನ ಬಗ್ಗೆ, ಅದರ ಮೇಲೆ ನಡೆಯುವವರಿಗೆ ಮಾತಿಲ್ಲವೆಂದರೆ ಹೇಗೆ?

ಮಾತಿದೆ, ಕಾಯದೆಯಲ್ಲಿ ಬರೆದಿದೆ ಎಂದು ಅಧಿಕಾರಿಗಳು ಹೇಳುವರು. ಅದನ್ನೂ ನೋಡೋಣ. ರಾಜ್ಯಾಂಗಕ್ಕೆ ಮಾಡಿದ ೭೩ನೆಯ ತಿದ್ದುಪಡಿಯು ೧೯೯೩ರ ಏಪ್ರಿಲ್ ೨೪ರಂದು ಜಾರಿಗೆ ಬಂದಿತು. ಪಂಚಾಯತಿಗಳಿಗೆ ವಹಿಸಬಹುದಾದ ೨೯ ವಿಷಯಗಳನ್ನು ಅದರ ಹನ್ನೊಂದನೆಯ ಅನುಸೂಚಿಯಲ್ಲಿ ಹೇಳಿದೆ. ಹದಿಮೂರನೆಯದು ರಸ್ತೆ, ಮೋರಿ, ಸೇತುವೆ, ದೋಣಿಗಡಗಳದು. ನಮ್ಮ ರಾಜ್ಯದ ಪಂಚಾಯತ ಕಾಯದೆಯೂ ಅದೇ ೧೯೯೩ರದು. ವಾರ್ಡು ಸಭೆ, ಗ್ರಾಮಸಭೆಗಳೆಂಬ ಎರಡು ಮೆಟ್ಟಿಲುಗಳನ್ನು ಅದು ಕಟ್ಟಿಕೊಟ್ಟಿದೆ. ಕಾಗದದ ಮೇಲೆ ಇದಕ್ಕಿಂತ ಚೆಲುವಾದ ವ್ಯವಸ್ಥೆಯು ಇರಲಾರದು. ಆದರೆ ಗ್ರಾಮಸಭೆಯು ಸಿಂಧುವಾಗಲಿಕ್ಕೆ ಮತದಾರರಲ್ಲಿ ಹತ್ತನೆಯ ಒಂದು ಪಾಲು ಅಥವಾ ನೂರು ಮಂದಿ, ಯಾವದು ಕಡಿಮೆಯೋ ಅಷ್ಟು ಕೂಡಿದರೆ ಸಾಕು. ಐದರಿಂದ ಏಳು ಸಾವಿರ ಜನರಿಗೊಂದು ಪಂಚಾಯತಿಯೆಂಬುದು ಕಾಯದೆಯ ಲೆಕ್ಕ. ಅದರಲ್ಲಿ ನೂರು ಮಂದಿಯೆಂದರೆ ಎಷ್ಟು? ಆ ನೂರು ಮಂದಿಯೂ ಪಡಿತರ ಚೀಟಿ, ಮನೆ, ಪಿಂಚಣಿಗಳ ಅರ್ಜಿ ಹಿಡಿದು ಬಂದವರು. ದಾರಿಗಳ ಪಟ್ಟಿಯು ಮೊದಲೇ ಬರೆದು ತಂದದ್ದು, ಗಟ್ಟಿಯಾಗಿ ಓದುವದೂ ಇಲ್ಲ, "ಎಲ್ಲರಿಗೂ ಒಪ್ಪಿಗೆಯೇ?" ಎಂದು ಒಬ್ಬರು ಕೇಳುತ್ತಾರೆ, ಮುಂದಿನ ಸಾಲಿನವರು ಚಪ್ಪಾಳೆ ತಟ್ಟುತ್ತಾರೆ, ನಡಾವಳಿ ಪುಸ್ತಕದಲ್ಲಿ ಸರ್ವಾನುಮತವೆಂದು ದಾಖಲಾಗುತ್ತದೆ. ಎಲ್ಲ ಊರುಗಳಲ್ಲಿಯೂ ಹೀಗೆಯೇ ಎಂದು ನಾವು ಹೇಳುವದಿಲ್ಲ. ಹೀಗೆ ನಡೆದ ಸಭೆಗಳಲ್ಲಿ ನಾವು ಹಿಂದಿನ ಸಾಲಿನಲ್ಲಿ ಕೂತು ನೋಡಿದ್ದೇವೆ ಎಂದಷ್ಟೇ ಹೇಳುತ್ತೇವೆ.

೧೮೮೧ರಲ್ಲಿ ದಿವಾನ ರಂಗಾಚಾರ್ಲುರವರ ಕಾಲದಲ್ಲಿ ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆಯು ಮೊದಲು ಕೂಡಿತು. ಆಗ ಪ್ರತಿನಿಧಿಗಳು ದೊರೆತನದ ಮುಂದೆ ತಮ್ಮ ಸೀಮೆಯ ಕೊರತೆಗಳನ್ನು ಅರಿಕೆ ಮಾಡಿಕೊಳ್ಳಬಹುದಾಗಿತ್ತು; ನಿರ್ಣಯಿಸುವ ಅಧಿಕಾರವು ಅವರಿಗಿರಲಿಲ್ಲ. ಆ ಕಾಲಕ್ಕೆ ಅದೇ ದೊಡ್ಡದು. ಆದರೆ ಸ್ವರಾಜ್ಯ ಬಂದು ಎಪ್ಪತ್ತೈದು ವರ್ಷಗಳು ಮೀರಿದ ಮೇಲೆಯೂ ಗ್ರಾಮಸಭೆಯು ಅರಿಕೆಯ ಸಭೆಯಾಗಿಯೇ ಉಳಿದರೆ, ಬದಲಾದದ್ದು ಅರಿಕೆಯನ್ನು ಕೇಳುವವರ ಅಂಗಿ ಮಾತ್ರವೆಂದು ಹೇಳಬೇಕಾಗುತ್ತದೆ.

ಜನರ ಮತಕ್ಕೆ ಬಿಡುವದು ನಮ್ಮ ದೇಶಕ್ಕೆ ಹೊಸದೇನೂ ಅಲ್ಲ. ಗೋವೆಯು ಮಹಾರಾಷ್ಟ್ರದಲ್ಲಿ ಸೇರಬೇಕೋ ಬೇಡವೋ ಎಂಬದನ್ನು ೧೯೬೭ರ ಜನವರಿ ೧೬ರಂದು ಗೋವೆಯವರನ್ನೇ ಕೇಳಲಾಯಿತು, ಅವರು ಬೇಡವೆಂದರು, ಆ ಮಾತು ನಡೆಯಿತು. (೧೯೫೬ರಲ್ಲಿ ಕಾಸರಗೋಡಿನವರನ್ನು ಹೀಗೆ ಕೇಳಿದ್ದರೆ ಎಂದು ಯಾವ ಕನ್ನಡಿಗನ ಮನಸ್ಸು ಒಮ್ಮೆಯಾದರೂ ನೆನೆಯದು?) ಒಡಿಶಾದ ನಿಯಮಗಿರಿ ಬೆಟ್ಟದಲ್ಲಿ ಬಾಕ್ಸೈಟ್ ಗಣಿಯನ್ನು ತೆಗೆಯುವ ವಿಷಯವನ್ನು ೨೦೧೩ರಲ್ಲಿ ಸುಪ್ರೀಂ ಕೋರ್ಟು ಗ್ರಾಮಸಭೆಗಳ ಮುಂದಿಟ್ಟಿತು, ಹನ್ನೆರಡು ಹಳ್ಳಿಗಳ ಸಭೆಗಳು ಕೂಡಿದವು, ಹನ್ನೆರಡೂ ಬೇಡವೆಂದವು. ಓದು ಬರಹ ಬಾರದ ಗುಡ್ಡಗಾಡಿನವರು ತಮ್ಮ ಬೆಟ್ಟದ ವಿಷಯದಲ್ಲಿ ಮಾಡಿದ್ದನ್ನು ಶಾಲೆ ಕಾಲೇಜುಗಳುಳ್ಳ ಚನ್ನಗಿರಿ ತಾಲೂಕಿನವರು ತಮ್ಮ ದಾರಿಯ ವಿಷಯದಲ್ಲಿ ಮಾಡಲಾರರೇ?

ಇಲ್ಲಿ ಇಂಜಿನಿಯರರು ಒಂದು ಆಕ್ಷೇಪಣೆಯನ್ನು ಎತ್ತುವರು, ಅದು ತಳ್ಳಿಹಾಕತಕ್ಕದ್ದಲ್ಲ. ದಾರಿಯ ತಳಪಾಯ, ನೀರು ಹರಿಯುವ ಇಳಿಜಾರು, ಮೋರಿಯ ಬಾಯಿ ಎಷ್ಟಿರಬೇಕು ಎಂಬವು ಲೆಕ್ಕದ ವಿಷಯಗಳು, ಕೈ ಎತ್ತುವ ವಿಷಯಗಳಲ್ಲ ಎಂದು ಅವರು ಹೇಳುವರು. ಸರಿಯಾದ ಮಾತು. ಸೂಳೆಕೆರೆಯ ಏರಿಯನ್ನೇ ತೆಗೆದುಕೊಳ್ಳಿ. ಅದು ನೂರಾರು ವರ್ಷಗಳ ಹಿಂದಿನ ಮಣ್ಣಿನ ಮತ್ತು ಕಲ್ಲಿನ ಕೆಲಸ. ಅದರಿಂದ ಹೊರಡುವ ಸಿದ್ಧನಾಲೆ, ಬಸವನಾಲೆಗಳನ್ನು ನಂಬಿದ ಗದ್ದೆಗಳುಂಟು. ದೂರದ ಚಿತ್ರದುರ್ಗದವರೂ ಆ ಕೆರೆಯ ನೀರನ್ನು ಕುಡಿದಿದ್ದಾರೆ. ಆ ಏರಿಯು ಎಷ್ಟು ಭಾರವನ್ನು ತಾಳುವದು, ಜಲ್ಲಿ ತುಂಬಿದ ಲಾರಿಗಳು ಅದರ ಮೇಲೆ ಓಡಬಹುದೋ ಕೂಡದೋ ಎಂಬದನ್ನು ಮತಪೆಟ್ಟಿಗೆಯಿಂದ ತಿಳಿಯಲಿಕ್ಕೆ ಆಗದು. ಊರಿಗೆ ಊರೇ ಬೇಕೆಂದು ಮತ ಕೊಟ್ಟರೂ ಏರಿಯು ಬಹುಮತಕ್ಕೆ ತಲೆಬಾಗಿ ಗಟ್ಟಿಯಾಗುವದಿಲ್ಲ. ಅಂಥದನ್ನು ಬಲ್ಲವರೇ ಪರೀಕ್ಷಿಸಿ ಹೇಳಲಿ. ಹೇಳಿದ್ದನ್ನು ಕನ್ನಡದಲ್ಲಿ ಬರೆದು ಪಂಚಾಯತಿಯ ಬಾಗಿಲಿಗೆ ಹಚ್ಚಲಿ. ಆದರೆ "ಹೇಗೆ ಕಟ್ಟಬೇಕು" ಎಂಬ ತಿಳಿವಳಿಕೆಯನ್ನು ಮುಂದೊಡ್ಡಿ, "ಯಾವದನ್ನು ಮೊದಲು ಕಟ್ಟಬೇಕು" ಎಂಬ ಹಕ್ಕನ್ನೂ ಇಂಜಿನಿಯರರು ಜೇಬಿಗೆ ಹಾಕಿಕೊಳ್ಳಕೂಡದು. ಬಡಗಿಯು ಬಾಗಿಲನ್ನು ಮಾಡಬಲ್ಲನು. ಬಾಗಿಲು ಯಾವ ದಿಕ್ಕಿಗೆ ಇರಬೇಕೆಂಬದನ್ನು ಮನೆಯವರು ಹೇಳುತ್ತಾರೆ.

ಇನ್ನು ಬಹುಮತದ ಪಕ್ಷದಲ್ಲಿರುವ ನಾವೇ ಬಹುಮತಕ್ಕೆ ಭಯಪಡಬೇಕಾದ ಸ್ಥಳವೊಂದುಂಟು. ಅದು ನೆಲ ಕಳೆದುಕೊಳ್ಳುವವನ ಸ್ಥಳ. ಕೆಲವು ವರ್ಷಗಳ ಹಿಂದೆ ಒಬ್ಬ ತೋಟಗಾರನು ನಮ್ಮ ಕಚೇರಿಗೆ ಬಂದನು. ಅಗಲವಾಗುವ ದಾರಿಯೊಂದಕ್ಕೆ ಅವನ ತೋಟದ ಒಂದು ಪಟ್ಟಿಯು ಹೋಗುವದಿತ್ತು. ಸಾಲಾಗಿ ಫಲ ಬಿಡುತ್ತಿದ್ದ ಅಡಿಕೆ ಮರಗಳು. ಅವನ ತಂದೆ ನೆಟ್ಟವು. ತಕರಾರು ಅರ್ಜಿಯನ್ನು ಬರೆಸಬೇಕೆಂದು ಬಂದಿದ್ದನು. ಪ್ರಕಟಣೆಯ ತಾರೀಖನ್ನು ನೋಡಿದೆವು. ಅವಧಿಯು ಮುಗಿದು ಹನ್ನೊಂದು ದಿನಗಳಾಗಿದ್ದವು. "ಪತ್ರಿಕೆಯಲ್ಲಿ ಬಂದಿತ್ತಂತೆ, ಸ್ವಾಮಿ, ನಾನು ಪತ್ರಿಕೆ ತರಿಸುವದಿಲ್ಲ" ಎಂದನು. ಅವನ ಊರಿನವರೇ ಕೆಲವರು ದಾರಿಯಾಗಲೆಂದು ಓಡಾಡುತ್ತಿದ್ದರು. ಅವರೇನೂ ಕೆಟ್ಟವರಲ್ಲ, ಅವರಿಗೆ ದಾರಿ ಬೇಕಾಗಿತ್ತು. ಆ ಊರಿನಲ್ಲಿ ಅಂದು ಮತ ತೆಗೆದಿದ್ದರೆ ನಾಲ್ಕು ನೂರಕ್ಕೆ ನಾಲ್ಕು ಮತಗಳಿಂದ ಆ ತೋಟಗಾರನು ಸೋಲುತ್ತಿದ್ದನು. ಪರಿಹಾರದ ಹಣವೇನೋ ಕೈಗೆ ಬಂದಿತು. ಆದರೆ ದಾರಿಯನ್ನು ಎದುರುಬದಿಯ ಬೀಳುನೆಲದ ಕಡೆಗೆ ಒಂದಿಷ್ಟು ಸರಿಸಬಹುದಾಗಿತ್ತೆಂಬ ಅವನ ಮಾತನ್ನು ಕೇಳಿದವರು ಯಾರೂ ಇಲ್ಲ. ಆ ಮಾತು ಸರಿಯೋ ತಪ್ಪೋ ನಮಗೆ ಗೊತ್ತಿಲ್ಲ; ಗೊತ್ತುಮಾಡಿಕೊಳ್ಳುವವರೇ ಇರಲಿಲ್ಲವೆಂಬದು ನಮ್ಮ ದೂರು.

ಕಾಯದೆಯು ಈ ವಿಷಯದಲ್ಲಿ ಏನು ಹೇಳುತ್ತದೆಂಬದನ್ನು ಓದುಗರು ತಿಳಿದಿರುವದು ಒಳ್ಳೆಯದು. ೨೦೧೩ರ ಭೂಸ್ವಾಧೀನ ಕಾಯದೆಯ ಮೇರೆಗೆ, ಖಾಸಗಿ ಕಂಪನಿಗಾಗಿ ನೆಲವನ್ನು ತೆಗೆದುಕೊಳ್ಳುವದಾದರೆ ಬಾಧಿತ ಕುಟುಂಬಗಳಲ್ಲಿ ನೂರಕ್ಕೆ ೮೦ರಷ್ಟು ಒಪ್ಪಬೇಕು. ಸರಕಾರವೂ ಖಾಸಗಿಯವರೂ ಪಾಲುಗೂಡಿದ ಕೆಲಸಕ್ಕಾದರೆ ೭೦ರಷ್ಟು. ಸರಕಾರವು ತಾನೇ ಕಟ್ಟುವ ದಾರಿಗೆ? ಒಪ್ಪಿಗೆಯೇ ಬೇಡ. ರಾಷ್ಟ್ರೀಯ ಹೆದ್ದಾರಿಗಳಿಗೆ ೧೯೫೬ರ ಬೇರೆ ಕಾಯದೆಯುಂಟು. ಪ್ರಕಟಣೆಯಾದ ೨೧ ದಿನಗಳೊಳಗೆ ತಕರಾರು ಸಲ್ಲಿಸಬಹುದು, ಅಷ್ಟೇ. ಹೊಸ ಕಾಯದೆಯ ಪರಿಹಾರದ ಲೆಕ್ಕವನ್ನು ೨೦೧೫ರಿಂದ ಹೆದ್ದಾರಿಗಳಿಗೂ ಅನ್ವಯಿಸಿದರು, ಅದು ಒಳ್ಳೆಯದಾಯಿತು. ಒಪ್ಪಿಗೆಯ ಮಾತನ್ನು ಅನ್ವಯಿಸಲಿಲ್ಲ. ಹಳ್ಳಿಯ ದಾರಿಗಳ ಕಥೆಯು ಇನ್ನೊಂದು ಬಗೆ. ೨೦೦೦ದ ಡಿಸೆಂಬರ ೨೫ರಂದು ಆರಂಭವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯಿಂದ ಸಾವಿರಾರು ಹಳ್ಳಿಗಳು ದಾರಿಯನ್ನು ಕಂಡವು. ಇದನ್ನು ಮೆಚ್ಚದವನು ಕೃತಘ್ನನು. ಆದರೆ ಆ ಯೋಜನೆಯ ಹಣವನ್ನು ನೆಲ ಕೊಳ್ಳಲಿಕ್ಕೆ ಬಳಸುವಂತಿಲ್ಲ; ನೆಲವು ಬಹುಮಟ್ಟಿಗೆ ಊರವರಿಂದ ದಾನವಾಗಿ ಬರುವದು. ಹತ್ತು ಎಕರೆಯವನು ಒಂದು ಗುಂಟೆಯನ್ನು ಕೊಟ್ಟರೆ ದಾನ. ಹತ್ತು ಗುಂಟೆಯವನು, ಊರ ಹಿರಿಯರೆಲ್ಲ ಮನೆಯ ಮುಂದೆ ನಿಂತು ಕೇಳುವಾಗ ಇಲ್ಲವೆನ್ನಲಾರದೆ ಕೊಟ್ಟರೆ ಅದಕ್ಕೆ ಏನೆಂದು ಹೆಸರಿಡೋಣ? ಕೆಲಸಕ್ಕೆ ಮುನ್ನ ಇಂಜಿನಿಯರರು ಊರವರೊಡನೆ ದಾರಿಯುದ್ದಕ್ಕೂ ನಡೆದು ನೋಡತಕ್ಕದ್ದೆಂದು ಅದೇ ಯೋಜನೆಯ ನಿಯಮಗಳಲ್ಲಿದೆ. ನಿಯಮವು ತುಂಬ ಒಳ್ಳೆಯದು. ಆ ನಡಿಗೆಯ ದಿನವನ್ನು ಮೊದಲೇ ಡಂಗುರ ಹೊಡೆಸಿ ಸಾರಿದರೆ ಇನ್ನೂ ಒಳ್ಳೆಯದು.

ಆದುದರಿಂದ ನಮ್ಮ ಮೊದಲನೆಯ ಷರತ್ತು ಇದು: ದಾರಿಯ ಮತದಾನದಲ್ಲಿ ನೆಲ ಕಳೆದುಕೊಳ್ಳುವವರ ಮತವನ್ನು ಬೇರೆಯಾಗಿ ಎಣಿಸಬೇಕು. ಊರೆಲ್ಲ ಹೌದೆಂದು, ಅವರಲ್ಲಿ ಹೆಚ್ಚಿನವರು ಅಲ್ಲವೆಂದರೆ, ದಾರಿಯ ಗೆರೆಯನ್ನು ಮತ್ತೆ ಎಳೆಯಬೇಕು. ಬೇರೆ ಗೆರೆಯೇ ಇಲ್ಲವಾದರೆ ಅವರ ಕರಾರು ಏನೆಂದು ಕೇಳಬೇಕು. ಅವರಲ್ಲಿ ಒಬ್ಬನೇ ಹಟ ಹಿಡಿದು ಊರನ್ನೆಲ್ಲ ತಡೆದರೆ ಏನು ಗತಿ ಎಂದು ಕೇಳುವವರಿದ್ದಾರೆ. ಒಬ್ಬನ ಹಟಕ್ಕೆ ಕಾಯದೆಯಲ್ಲಿ ಔಷಧವುಂಟು. ಹಲವರ ಮೌನಕ್ಕೆ ಇಲ್ಲ.

ಎರಡನೆಯ ತೊಡಕು ಯಾರ ಮತವೆಂಬದು. ಊರ ಕೇರಿಯ ದಾರಿಗೆ ಊರವರು, ಇದು ಸುಲಭ. ಊರಿಂದೂರಿಗೆ ಹೋಗುವ ದಾರಿಗೆ? ಮೈಸೂರಿನಿಂದ ಗುಂಡ್ಲುಪೇಟೆಯ ಮೇಲೆ ಕಲ್ಲಿಕೋಟೆಗೆ ಹೋಗುವ ಹೆದ್ದಾರಿಯು ಬಂಡೀಪುರದ ಕಾಡನ್ನು ಸೀಳಿ ಹೋಗುತ್ತದೆ. ರಾತ್ರಿ ೯ರಿಂದ ಬೆಳಗಿನ ೬ರ ವರೆಗೆ ಅದರಲ್ಲಿ ವಾಹನಗಳು ಓಡಕೂಡದೆಂದು ೨೦೦೯ರಲ್ಲಿ ಚಾಮರಾಜನಗರದ ಜಿಲ್ಲಾಧಿಕಾರಿಗಳು ಆಜ್ಞೆ ಮಾಡಿದರು. ೨೦೧೦ರಲ್ಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ವಯನಾಡಿನವರನ್ನು ಕೇಳಿದ್ದರೆ ದಾರಿ ತೆರೆಯಲೆಂದು ಒಕ್ಕೊರಲಿನಿಂದ ಹೇಳುತ್ತಿದ್ದರು. ಅವರಿಗೆ ಅದು ಅನ್ನದ ದಾರಿ. ನಮ್ಮ ಕಡೆಯ ಪರಿಸರಪ್ರೇಮಿಗಳು ಮುಚ್ಚಿರಲೆಂದು ಹೇಳುತ್ತಿದ್ದರು. ಎರಡು ಕಡೆಯವರ ಮತಗಳನ್ನು ಕೂಡಿಸಿ ಎಣಿಸುವದೋ, ಬೇರೆ ಬೇರೆ ಎಣಿಸುವದೋ? ಆನೆಯ ಮತವನ್ನು ಯಾರು ಹಾಕುವದು? ಇಂಥ ದಾರಿಯನ್ನು ಮತಕ್ಕೆ ಹಾಕದೆ ನ್ಯಾಯಾಲಯಕ್ಕೆ ಬಿಟ್ಟದ್ದೇ ಲೇಸಾಯಿತೆಂದು ನಾವು ನಂಬಿದ್ದೇವೆ. ನಮ್ಮ ಜಿಲ್ಲೆಯಲ್ಲಿಯೂ ಇಂಥದೇ ಚಿಕ್ಕ ತೊಡಕುಂಟು. ಇಡೀ ಜಿಲ್ಲೆಯ ದಾರಿಗಳನ್ನು ಒಂದೇ ಮತದಾನಕ್ಕೆ ಹಾಕಿದರೆ ದಾವಣಗೆರೆ ನಗರದ ಮತಗಳೇ ಹೊಳೆಯಾಗಿ ಹರಿದು, ಮಳೆಯನ್ನೇ ಕಾಣದ ಜಗಳೂರಿನ ಹಳ್ಳಿಗಳು ದಾರಿಯನ್ನೂ ಕಾಣದೆ ಹೋದಾವು. ಆದಕಾರಣ ಗ್ರಾಮಪಂಚಾಯತಿಯೇ ಮತದಾನದ ಮೇರೆಯಾಗಿರಬೇಕು. ಎರಡು ಮೂರು ಪಂಚಾಯತಿಗಳನ್ನು ಹಾದುಹೋಗುವ ದಾರಿಗೆ ಆಯಾ ಪಂಚಾಯತಿಯೂ ಬೇರೆ ಬೇರೆಯಾಗಿ ಹೌದೆನ್ನಬೇಕು.

ಹೊರದೇಶಗಳ ಅನುಭವದಿಂದ ಎರಡು ಮಾತುಗಳನ್ನು ಕಲಿಯಬಹುದು. ಸ್ವಿಟ್ಜರ್ಲೆಂಡಿನಲ್ಲಿ ಸಂಸತ್ತು ಒಪ್ಪಿದ ಶಾಸನವನ್ನು ಸಹ, ನೂರು ದಿನಗಳಲ್ಲಿ ಐವತ್ತು ಸಾವಿರ ಮತದಾರರು ಸಹಿ ಹಾಕಿದರೆ, ಜನರ ಮತಕ್ಕೆ ಹಾಕಬೇಕಾಗುವದು. ೨೦೨೪ರ ನವೆಂಬರ ೨೪ರಂದು ಅಲ್ಲಿಯ ಹೆದ್ದಾರಿಗಳನ್ನು ಆರು ಕಡೆಗಳಲ್ಲಿ ಹಿಗ್ಗಿಸುವ ೪೯೦ ಕೋಟಿ ಫ್ರಾಂಕಿನ ಯೋಜನೆಯನ್ನು ಹೀಗೆ ಕೇಳಿದಾಗ ನೂರಕ್ಕೆ ೫೨.೭ರಷ್ಟು ಜನರು ಬೇಡವೆಂದರು. ಸರಕಾರವು ಬಿದ್ದುಹೋಗಲಿಲ್ಲ, ಮಂತ್ರಿಗಳು ಮುನಿಸಿಕೊಂಡು ಮನೆಗೆ ಹೋಗಲಿಲ್ಲ. ಯೋಜನೆ ನಿಂತಿತು, ಅಷ್ಟೇ. ಪ್ಯಾರಿಸಿನಲ್ಲಿ ೨೦೨೫ರ ಮಾರ್ಚಿನಲ್ಲಿ ಇನ್ನೂ ೫೦೦ ಬೀದಿಗಳನ್ನು ನಡೆಯುವವರಿಗೆ ಬಿಡಬೇಕೋ ಎಂದು ಕೇಳಿದರು. ಮತ ಕೊಟ್ಟವರಲ್ಲಿ ಮೂರರಲ್ಲಿ ಎರಡು ಪಾಲು ಹೌದೆಂದರು, ಆದರೆ ಮತ ಕೊಡಬಂದವರು ನೂರಕ್ಕೆ ನಾಲ್ಕು ಮಂದಿ! ಇದನ್ನು ಜನಮತವೆಂದು ಕರೆಯಲಿಕ್ಕೆ ನಮಗೆ ನಾಲಿಗೆ ಬಾರದು. ನಮ್ಮಲ್ಲಿ ಕನಿಷ್ಠ ಮೂರರಲ್ಲಿ ಒಂದು ಪಾಲು ಮತದಾರರು ಬಾರದಿದ್ದರೆ ಆ ಮತವು ಲೆಕ್ಕಕ್ಕಿಲ್ಲವೆಂದು ಮೊದಲೇ ಬರೆದಿಡಬೇಕು.

ಇದಕ್ಕಿಂತ ಹೆಚ್ಚು ಮನಸ್ಸಿಗೆ ಹಿಡಿಸುವದು ಎಡಿನ್‌ಬರೋ ಮತ್ತು ಸ್ಟಾಕ್‌ಹೋಮ್ ನಗರಗಳ ಸಂಗತಿ. ಎರಡರಲ್ಲಿಯೂ ಊರೊಳಗೆ ಬರುವ ಮೋಟಾರುಗಳ ಮೇಲೆ ಸುಂಕವನ್ನು ಹಾಕಿ ದಟ್ಟಣೆಯನ್ನು ತಗ್ಗಿಸಬೇಕೆಂಬ ಯೋಚನೆಯಿತ್ತು. ಎಡಿನ್‌ಬರೋದವರು ೨೦೦೫ರಲ್ಲಿ ಕಾಗದದ ಮೇಲಿನ ಯೋಜನೆಯನ್ನೇ ಮತಕ್ಕೆ ಹಾಕಿದರು. ನಾಲ್ಕರಲ್ಲಿ ಸುಮಾರು ಮೂರು ಪಾಲು ಜನರು ಬೇಡವೆಂದರು. ಸ್ಟಾಕ್‌ಹೋಮಿನವರು ೨೦೦೬ರ ಜನವರಿಯಿಂದ ಜುಲೈವರೆಗೆ ಸುಂಕವನ್ನು ಹಾಕಿ ನೋಡಿ, ನಿಲ್ಲಿಸಿ, ಆಮೇಲೆ ಸಪ್ಟೆಂಬರಿನಲ್ಲಿ ಕೇಳಿದರು. ಮೊದಲು ಗೊಣಗುತ್ತಿದ್ದ ಆ ನಗರದವರು ಬೀದಿಗಳು ಹಗುರಾದದ್ದನ್ನು ಕಣ್ಣಾರೆ ಕಂಡು ಅಲ್ಪ ಬಹುಮತದಿಂದ ಹೌದೆಂದರು. ಸುತ್ತಲಿನ ಊರುಗಳಲ್ಲಿ ಮತ ತೆಗೆದಲ್ಲಿ ಬಹುಪಾಲು ಬೇಡವೆಂದೇ ಬಂದಿತು, ಆದರೂ ನಗರದವರ ಮಾತೇ ನಡೆಯಿತು. ಯಾರ ಮತವೆಂಬ ತೊಡಕು ಅಲ್ಲಿಯೂ ತಪ್ಪಲಿಲ್ಲ. ನಮ್ಮ ಸಂತೆಯ ಬೀದಿಯಲ್ಲಿ ಸಂತೆಯ ದಿನ ಲಾರಿಗಳನ್ನು ತಡೆಯಬೇಕೋ, ಶಾಲೆಯ ಹೊತ್ತಿನಲ್ಲಿ ಜಲ್ಲಿಯ ಗಾಡಿಗಳನ್ನು ಸುತ್ತುದಾರಿಗೆ ಕಳಿಸಬೇಕೋ ಎಂಬಂಥ ವಿಷಯಗಳನ್ನು ಹೀಗೆಯೇ ಮೂರು ತಿಂಗಳು ನಡೆಸಿ ನೋಡಿ ಆಮೇಲೆ ಕೇಳಬಹುದಲ್ಲ! ಇದಕ್ಕೆ ಖರ್ಚು ಎರಡು ಕಂಬ, ಒಂದು ಹಲಗೆ.

ಮತವನ್ನು ಕೇಳದಿದ್ದರೆ ಜನರು ಸುಮ್ಮನಿರುವರೆಂದು ತಿಳಿಯುವದೂ ತಪ್ಪು. ಬೆಂಗಳೂರಿನಲ್ಲಿ ಬಸವೇಶ್ವರ ವೃತ್ತದಿಂದ ಹೆಬ್ಬಾಳದ ವರೆಗೆ ಉಕ್ಕಿನ ಮೇಲ್ಸೇತುವೆಯನ್ನು ಕಟ್ಟುವದಾಗಿ ೨೦೧೬ರಲ್ಲಿ ಹೊರಟರು, ಉದ್ದ ೬.೭ ಕಿಲೋಮೀಟರು, ಖರ್ಚು ೧,೭೯೧ ಕೋಟಿ ರೂಪಾಯಿ, ಕಡಿಯಬೇಕಾದ ಮರಗಳು ೮೧೨. ಅಕ್ಟೋಬರ ೧೬ರಂದು ಸಾವಿರಾರು ನಾಗರಿಕರು ಕೈ ಕೈ ಹಿಡಿದು ಬೀದಿಯಲ್ಲಿ ನಿಂತರು. ೨೦೧೭ರ ಮಾರ್ಚಿನಲ್ಲಿ ಸರಕಾರವು ಅದನ್ನು ಕೈಬಿಟ್ಟಿತು. ಇದು ಪ್ರಜೆಗಳ ಜಯವೆಂದು ಹಿಗ್ಗಿದವರುಂಟು. ನಾವೂ ಹಿಗ್ಗಿದೆವು. ಆದರೆ ಬೀದಿಗೆ ಇಳಿಯಬಲ್ಲವರು ರಾಜಧಾನಿಯವರು. ಅವರ ಕೈಗೆ ಪತ್ರಿಕೆ ಎಟುಕುವದು, ವಕೀಲರು ಎಟುಕುವರು. ತ್ಯಾವಣಿಗೆಯಲ್ಲಿ ಕೈ ಹಿಡಿದು ನಿಂತರೆ ಯಾವ ಪತ್ರಿಕೆಯವನು ಬಂದಾನು? ಗಟ್ಟಿ ಗಂಟಲಿಲ್ಲದವರಿಗೇ ಮತಪೆಟ್ಟಿಗೆಯು ಹೆಚ್ಚು ಬೇಕು.

ಮತವನ್ನು ಕೊಂಡಾರು, ಜಾತಿಯ ಮೇಲೆ ಒಡೆದಾರು ಎಂಬ ಹೆದರಿಕೆಯು ಉಳಿಯಿತು. ಕೊಳ್ಳುವವರು ಈಗಲೂ ಕೊಳ್ಳುತ್ತಿದ್ದಾರೆ. ಐದು ವರ್ಷಕ್ಕೊಮ್ಮೆ ಎಲ್ಲವನ್ನೂ ಒಟ್ಟಿಗೆ ಕೊಳ್ಳುವದಕ್ಕಿಂತ ಒಂದೊಂದು ದಾರಿಯನ್ನೂ ಬೇರೆ ಬೇರೆ ಕೊಳ್ಳುವದು ಅವರಿಗೆ ತುಟ್ಟಿಯಾದೀತು. ಜಾತಿಯ ಮಾತು ಇದಕ್ಕಿಂತ ಗಂಭೀರವಾದದ್ದು. ಊರ ಹೊರಗಿನ ಕೇರಿಗೆ ಹೋಗುವ ದಾರಿಯು ಬಹುಮತದ ಪಟ್ಟಿಯಲ್ಲಿ ಯಾವಾಗಲೂ ಕಡೆಯದಾಗುವದೆಂಬದು ನಮಗೂ ಕಾಣುತ್ತದೆ. ಅದಕ್ಕೆ ಮತದಾನವನ್ನು ಬಿಡುವದು ಉಪಾಯವಲ್ಲ. ವರ್ಷಕ್ಕೆ ಇಷ್ಟು ಹಣವು ದಾರಿಯೇ ಇಲ್ಲದ ಕೇರಿಗೆ ಮೊದಲು ಎಂದು ತೆಗೆದಿಟ್ಟು, ಉಳಿದದ್ದನ್ನು ಮತಕ್ಕೆ ಹಾಕುವದು ಉಪಾಯ. ಮತವು ಗುಪ್ತವಾಗಿರಲೇಬೇಕು. ಸಭೆಯಲ್ಲಿ ಕೈ ಎತ್ತುವಾಗ ಕೂಲಿಯವನು ಧಣಿಯ ಮುಖವನ್ನು ನೋಡುತ್ತಾನೆ, ಸೊಸೆಯು ಮಾವನ ಕಡೆಗೆ ನೋಡುತ್ತಾಳೆ. ನೆರೆಯ ಮಹಾರಾಷ್ಟ್ರದಲ್ಲಿ ಹಳ್ಳಿಯ ಹೆಂಗಸರು ಗುಪ್ತಮತದಿಂದ ಊರಿನ ಹೆಂಡದಂಗಡಿಗಳನ್ನು ಮುಚ್ಚಿಸಿದ್ದುಂಟು. ಸಭೆಯಲ್ಲಿ ಕೈ ಎತ್ತಿಸಿದ್ದರೆ ಅವುಗಳಲ್ಲಿ ಎಷ್ಟು ಅಂಗಡಿಗಳು ಮುಚ್ಚುತ್ತಿದ್ದವು? ನೀರಿನ ಕೊಡವನ್ನೂ ಹುಲ್ಲಿನ ಹೊರೆಯನ್ನೂ ಹೊತ್ತು ಕೆಸರಿನಲ್ಲಿ ನಡೆಯುವವರು ಹೆಚ್ಚಾಗಿ ಹೆಂಗಸರೇ ಆದುದರಿಂದ, ಯಾವ ದಾರಿಯು ಮೊದಲು ಆಗಬೇಕೆಂಬ ಜ್ಞಾನವೂ ಅವರ ಕಾಲಿಗೆ ಹೆಚ್ಚು ಉಂಟು.

ಹೊಸ ಕಾಯದೆಯು ಬರುವ ವರೆಗೆ ಕಾದು ಕೂಡ್ರಬೇಕಾಗಿಲ್ಲ. ಗ್ರಾಮಸಭೆಯು ಚೀಟಿಗಳ ಮೇಲೆ ಅಭಿಪ್ರಾಯವನ್ನು ತಿಳಿಯಕೂಡದೆಂದು ಈಗಿನ ಕಾಯದೆಯಲ್ಲಿ ಎಲ್ಲಿಯೂ ಹೇಳಿದಂತೆ ನಮಗೆ ಕಂಡಿಲ್ಲ. ಅಂಥ ಎಣಿಕೆಗೆ ಆಜ್ಞೆಯ ಬಲವಿರಲಾರದು, ನಿಜ. ಆದರೆ ಎಂಟು ನೂರು ಚೀಟಿಗಳು ಒಂದು ದಾರಿಯ ಹೆಸರನ್ನು ಹೇಳಿ ನಡಾವಳಿಯಲ್ಲಿ ದಾಖಲಾದ ಮೇಲೆ ಬೇರೆ ದಾರಿಗೆ ಹಣವನ್ನು ಬರೆಯುವ ಸದಸ್ಯನು ಊರಿಗೆ ಮುಖ ತೋರಿಸಬೇಕಾಗುವದಷ್ಟೆ. ಸೂಳೆಕೆರೆಯ ಸುತ್ತಿನ ಒಂದು ಪಂಚಾಯತಿಯವರು ಇದನ್ನು ಮೊದಲು ಮಾಡಿ ತೋರಿಸಲಿ. ಸಭೆಗೆ ಹದಿನೈದು ದಿನ ಮೊದಲು ದಾರಿಗಳ ಪಟ್ಟಿ, ಒಂದೊಂದರ ಉದ್ದ, ಅಂದಾಜು ಖರ್ಚು, ಯಾರ ಯಾರ ನೆಲವು ಎಷ್ಟು ಹೋಗುವದೆಂಬ ವಿವರ, ಇಷ್ಟನ್ನು ದಪ್ಪ ಅಕ್ಷರಗಳಲ್ಲಿ ಬರೆದು ಶಾಲೆಯ ಗೋಡೆಗೂ ಹಾಲಿನ ಡೈರಿಯ ಬಾಗಿಲಿಗೂ ಹಚ್ಚಬೇಕು. ಉಪಾಧ್ಯಾಯ ಮಹಾಶಯರು ಸಂಜೆ ಅರ್ಧ ಗಂಟೆ ಬಿಡುವು ಮಾಡಿಕೊಂಡು ಓದಲು ಬಾರದವರಿಗೆ ಅದನ್ನು ಓದಿ ಹೇಳಿದರೆ, ನಡೆದ ದಿನದ ಚೀಟಿಗಳ ಎಣಿಕೆಗೂ ಅವರೇ ಕೂತರೆ, ಯಾರೂ ಬೆರಳು ತೋರಿಸಲಾರರು. ನೆಲ ಹೋಗುವವರ ಚೀಟಿಗೆ ಬೇರೆ ಬಣ್ಣವಿರಲಿ. ಅವುಗಳನ್ನು ಮೊದಲು ಎಣಿಸಲಿ.